ರೋಡಾ ಹಿಡಿದ ಹಗ್ಗ

ಮೊದಲು ಆ ಬಾಗಿಲು ಹಾಕು. ಮಂಜು ಒಳಗೆ ನುಗ್ತಿದೆ... ಹೂಂ, ಕೂತ್ಕೋ. ದೀಪ ಸಣ್ಣ ಮಾಡು. ಏಯ್, ಪೂರ್ತಿ ಆರಿಸ್ಬೇಡ! ನನಗೂ ಭಯ ಆಗುತ್ತೆ.

ಇದು ಕಟ್ಟುಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳು ವಿನ್ನಿಗೆ ಆಗಿದ್ದು. ವಿನ್ನಿ ಸುಳ್ಳು ಹುಟ್ಟಿಸೋ ಹೆಂಗಸೇ ಅಲ್ಲ, ಅವಳಿಗೆ ಅಷ್ಟು ತಲೆನೇ ಓಡ್ತಿರ್ಲಿಲ್ಲ, ಪಾಪ. ಜನ್ಮವಿಡೀ ಒಂದೇ ಥರದ ಕೇಕು ಮಾಡಿದೋಳು. ನಗ್ಬೇಡ... ಆಮೇಲೆ ನೀನೇ ಒಬ್ಬಳೇ ಮನೆಗೆ ಹೋಗ್ಬೇಕು, ಗುಡ್ಡದ ಮೇಲಿಂದ.

ನಮ್ಮೂರು ಥ್ರಪ್ಲಿಯಲ್ಲಿ ಕಾಲುವೆ ಗುಡ್ಡದ ಹೊಟ್ಟೆಯೊಳಗೆ ಹೋಗುತ್ತೆ. ಸುರಂಗ. ಒಳಗೆ ಕುದುರೆ ನಡೆಯೋಕೆ ದಾರಿ ಇಲ್ಲ. ಹಿಂದೆಲ್ಲ ಕಲ್ಲಿದ್ದಲು ದೋಣಿ ಬಂದಾಗ, ಎಳೆಯೋ ಕುದುರೆನ ಬಿಚ್ಚಿ, ಗುಡ್ಡ ಹತ್ತಿಸಿ, ಆ ಕಡೆ ಬಾಯಿಗೆ ಇಳಿಸ್ಬೇಕು. ಅದು ಹೆಂಗಸರು ಮಕ್ಕಳ ಕೆಲಸ. ದೋಣಿಯಲ್ಲಿ ಉಳಿದೋರು ಇಬ್ಬರು ಹಲಗೆ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು, ಗೋಡೆ ಮೇಲೆ ನಡೀತಾ ನಡೀತಾ ದೋಣಿ ತಳ್ಳೋದು. ಕಗ್ಗತ್ತಲಲ್ಲಿ. ನೀವು ಈಗಿನೋರು ಎರಡು ಮೆಟ್ಟಿಲು ಹತ್ತಿದ್ರೆ ಉಸ್ಸಪ್ಪಾ ಅಂತೀರಿ!

ಆಮೇಲೆ ರೈಲು ಬಂತು. ಗುಡ್ಡದ ಹೆಗಲ ಮೇಲೆ ಹಳಿ ಹಾಕಿದ್ರು, ಸರಿಯಾಗಿ ಆ ಕುದುರೆ ದಾರಿಗೆ ಅಡ್ಡವಾಗಿ. ಅಲ್ಲೊಂದು ಗೇಟು, ಗೇಟಿಗೊಂದು ಪುಟ್ಟ ಮನೆ. ಆ ಗೇಟು ಕಾಯೋಳು ನಮ್ಮ ವಿನ್ನಿ. ಗಂಡ ಸಿಡ್ನಿ ಹಳಿ ರಿಪೇರಿ ಗ್ಯಾಂಗಿನಲ್ಲಿದ್ದ. ಮಂಜು ಬಿತ್ತು ಅಂದ್ರೆ ಅವನಿಗೆ ಹೊರಗಡೆನೇ ರಾತ್ರಿ. ಡ್ರೈವರಿಗೆ ಸಿಗ್ನಲ್ ಕಾಣಲ್ವಲ್ಲ, ಅದಕ್ಕೆ ಹಳಿ ಮೇಲೆ ಸಿಡಿಮದ್ದಿನ ಬಿಲ್ಲೆ ಇಡ್ತಿದ್ರು. ಚಕ್ರ ಹತ್ತಿದ್ರೆ... ಢಂ! ಆಗ ಡ್ರೈವರು ಬ್ರೇಕ್ ಹಾಕೋನು.

ಅವತ್ತು ವಿನ್ನಿ ನಮ್ಮ ಚಿಕ್ಕಮ್ಮನ ಮನೆಯಿಂದ ವಾಪಸ್ ಬರ್ತಿದ್ದಳು. ನವೆಂಬರು. ಸಂಜೆಗೇ ಕತ್ತಲೆ, ಮೇಲೆ ಮಂಜು. ಕೈಯಲ್ಲಿ ಬಟ್ಟೆ ಸುತ್ತಿದ ಪುಡಿಂಗು. ಗುಡ್ಡದ ತಲೆ ಮೇಲೆ ಆ ಗಾಳಿ ಬಾವಿ ಇದೆಯಲ್ಲ... ಸುರಂಗಕ್ಕೆ ಉಸಿರು ಬಿಡೋಕೆ ಅಂತ ಇಟ್ಟಿಗೆಯಲ್ಲಿ ಕಟ್ಟಿರೋದು... ಅದರ ಪಕ್ಕ ಹಾದು ಬಂದ್ಲು. ಒಳಗೆ, ತಳದಲ್ಲಿ, ನೀರು. ತೊಟ್... ತೊಟ್... 

ಆಗ ಕೇಳಿಸ್ತು.

ಹಿಂದೆ. ಟಕ್... ಟಕ್... ಟಕ್... ಲಾಳದ ಸದ್ದು. ಅವಸರ ಇಲ್ಲ. ದಣಿದ ಕುದುರೆ ನಡಿಗೆ.

ವಿನ್ನಿ ನಿಂತಳು. ಅದೂ ನಿಂತಿತು. ಬುಸ್ ಅಂತ ಒಂದು ಉಸಿರು... ಆಮೇಲೆ ಕೆಮ್ಮು. ಮಗುವಿನ ಕೆಮ್ಮು. ಒಣ ಕೆಮ್ಮು, ಕೊನೆಯಲ್ಲಿ ಸಣ್ಣದಾಗಿ ಸಿಳ್ಳೆ ಹೊಡೆಯುತ್ತಲ್ಲ, ಹಾಗೆ.

"ಯಾರಪ್ಪಾ ಅದು?" ಅಂದ್ಲು ವಿನ್ನಿ.

ಲಾಂದ್ರ ಎತ್ತಿ ನೋಡಿದ್ಲು, ಬರೀ ಮಂಜು.

"ಗೇಟು ದಾಟ್ಬೇಕಾ? ಬನ್ನಿ, ತೆಗೀತೀನಿ. ಮಗುನ ಈ ಚಳಿಯಲ್ಲಿ..."

ಮಾತು ಮುಗಿದಿಲ್ಲ, ದೂರದಲ್ಲಿ ಸಿಡ್ನಿ ಇಟ್ಟಿದ್ದ ಬಿಲ್ಲೆ ಸಿಡೀತು. ಢಂ! ಅಷ್ಟೇ ನೋಡು. ಕುದುರೆ ಕೆನೀತು, ಲಾಳ ಕಲ್ಲಿಗೆ ಹೊಡೆದು ಕಿಡಿ ಹಾರೋ ಹಾಗೆ ಟಪಟಪಟಪ... ವಿನ್ನಿ ಪಕ್ಕದಲ್ಲೇ ಹಾದು ಹೋಯ್ತು. ಗಾಳಿ ಮುಖಕ್ಕೆ ಹೊಡೀತು. ಏನೂ ಕಾಣಲಿಲ್ಲ! ಗೇಟಿನ ಮೇಲಿನ ಅಡ್ಡಪಟ್ಟಿ ಕಿರ್ ಅಂತು. ಅದರ ಹಿಂದೆಯೇ ರೈಲು, ಧಡಧಡ ಧಡಧಡ... ಆ ಸದ್ದಿನೊಳಗಿಂದ ಒಂದು ಪುಟ್ಟ ದನಿ, ಜೋರಾಗಿ:

"ಹಿಡ್ಕೊಂಡಿದೀನಿ ಅಮ್ಮಾ!"

ಆಮೇಲೆ ಇಲ್ಲ.

ಪುಡಿಂಗು ಎಲ್ಲಿ ಬಿತ್ತೋ. ವಿನ್ನಿ ಲಾಂದ್ರ ಹಿಡಿದು ಹಳಿ ಮೇಲೆಲ್ಲ ಹುಡುಕಿದ್ಲು. ಅಳ್ತಾ ಹುಡುಕಿದ್ಲು. ಒಂದು ತೊಟ್ಟು ರಕ್ತ ಇಲ್ಲ, ಒಂದು ಗೊರಸಿನ ಗುರುತು ಇಲ್ಲ.

ಸಿಡ್ನಿ ಬೆಳಿಗ್ಗೆ ಬಂದು ಬೂಟು ಬಿಚ್ತಾ ಕೇಳಿಸ್ಕೊಂಡ. "ನರಿ ಇರ್ಬೇಕು" ಅಂದ.

"ನರಿ ಅಮ್ಮಾ ಅನ್ನುತ್ತಾ?"

"ನಮ್ಮೂರ ನರಿ ಏನು ಬೇಕಾದ್ರೂ ಅನ್ನುತ್ತೆ. ಟೀ ಎಲ್ಲಿ?"

ಗಂಡಸರೇ ಹಾಗೆ ಬಿಡು.

ಆದ್ರೆ ಮತ್ತೆ ಮಂಜು ಬಿತ್ತು. ಮತ್ತೆ ಅದೇ. ಅದೇ ಟಕ್ ಟಕ್, ಅದೇ ಕೆಮ್ಮು, ಅದೇ ಕೂಗು. ವಿನ್ನಿ ಕಿವಿಗೆ ದಿಂಬು ಒತ್ಕೊಂಡು ಮಲಗಿದ್ಲು. ದಿಂಬಿನೊಳಗೂ ಕೇಳಿಸ್ತು. ನೀನೇ ಯೋಚನೆ ಮಾಡು, ಮಂಜು ಬಿದ್ದಾಗೆಲ್ಲ ನಿನ್ನ ಬಾಗಿಲ ಮುಂದೆ ಒಂದು ಮಗು ಸಾಯುತ್ತೆ, ನೀನು ಏನೂ ಮಾಡೋ ಹಾಗಿಲ್ಲ. ಅನ್ನ ನೀರು ಬೇಡ ಆಯ್ತು ಅವಳಿಗೆ. ಇಳಿದು ಹೋದ್ಲು.

ಆ ಮಗು ಯಾರು ಅಂತ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡ್ತಿರ್ಲಿಲ್ಲ ಅಷ್ಟೇ. ಕೊನೆಗೆ ನಮ್ಮಮ್ಮನೇ ಹೇಳಿದ್ಲು.

ವಿನ್ನಿ ಆ ಗೇಟಿಗೆ ಬರೋಕೆ ಎಷ್ಟೋ ವರ್ಷ ಮೊದಲು, ಬ್ಲಿಸೆಟ್ ಅಂತ ಒಂದು ದೋಣಿ ಸಂಸಾರ. ಅವರ ಮಗಳು ರೋಡಾ. ಎಂಟೋ ಒಂಬತ್ತೋ. ಕುದುರೆ ಹೆಸರು ಡೈಮಂಡ್. ಅದರ ಕಿವಿಗೆ ಆ ಹುಡುಗಿಯೇ ದಾರದಲ್ಲಿ ಟೋಪಿ ಹೆಣೆದು ಹಾಕಿದ್ಲಂತೆ, ನೊಣ ಕೂರದ ಹಾಗೆ. ಯಾವಾಗ್ಲೂ ತಾಯಿ ಮಗಳು ಇಬ್ಬರೂ ಕುದುರೆ ಜೊತೆ ಗುಡ್ಡ ಹತ್ತೋರು. ಅವತ್ತು ಅಪ್ಪನಿಗೆ ಜೊತೆ ಕೊಡೋ ಆಳು ಬಂದಿರ್ಲಿಲ್ಲ. ತಾಯಿ ಹಲಗೆ ಮೇಲೆ ಮಲಗಿ ಸುರಂಗ ತುಳಿಯೋಕೆ ಹೋದ್ಲು. ಮಗು ಒಬ್ಬಳೇ ಕುದುರೆ ಹಿಡಿದು ಮೇಲೆ. ಮಂಜು. ಗೇಟು ಹಾಕಿತ್ತು, ಮಗು ಕಾಯ್ತಾ ನಿಂತಿತ್ತು, ಎಲ್ಲ ಸರಿಯಾಗೇ ಇತ್ತು. ಬಿಲ್ಲೆ ಸಿಡೀತು. ಕುದುರೆ ಬೆದರಿ ಗೇಟು ಹಾರ್ತು. ಹಗ್ಗ ಮಗುವಿನ ಕೈಯಲ್ಲೇ ಇತ್ತು.

ಯಾರ ತಪ್ಪೂ ಅಲ್ಲ ಅಂದ್ರು ದೊಡ್ಡೋರು. ಆದ್ರೆ ಊರೆಲ್ಲ ಒಂದೇ ಮಾತು: ಅಯ್ಯೋ, ಆ ಹಗ್ಗ ಒಂದು ಬಿಟ್ಟಿದ್ರೆ ಆಗ್ತಿತ್ತಲ್ಲ! ಯಾಕೆ ಬಿಡಲಿಲ್ಲ?

ತಾಯಿ ಇನ್ನೂ ಬದುಕಿದ್ದಳು. ಕೆಜಿಯಾ ಅಂತ. ಗಂಡ ತೀರಿಹೋದ ಮೇಲೆ ದೋಣಿ ತಂದು ಸುರಂಗದ ಆ ಕಡೆ ಬಾಯಿಯಲ್ಲಿ ಕಟ್ಟಿಹಾಕಿ, ಅಲ್ಲೇ ಒಬ್ಬಳೇ ಇದ್ದಳು. ಕುದುರೆ ದಾರಿ ಗುಡ್ಡದಿಂದ ಇಳಿಯೋ ಜಾಗ ಅದು. ಆದ್ರೆ ಗುಡ್ಡ ಮಾತ್ರ ಅವಳು ಒಂದು ಸಲಾನೂ ಹತ್ತಿರ್ಲಿಲ್ಲ. ರೈಲಿನೋರು ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ. ದೋಣಿಯೋರಿಗೆಲ್ಲ ಆಗ್ತಿರ್ಲಿಲ್ಲ ಅನ್ನು, ಸರಕೆಲ್ಲ ರೈಲಿಗೆ ಸೆಳೆದು ಅನ್ನ ಕಿತ್ಕೊಂಡೋರಲ್ವಾ ನಾವು ರೈಲಿನೋರು. ಕೆಜಿಯಾ ನಮ್ಮ ಮನೆಗಳ ನೀರೂ ಮುಟ್ತಿರ್ಲಿಲ್ಲ.

ಅಂಥೋಳ ಹತ್ರ ಹೋದ್ಲು ನಮ್ಮ ವಿನ್ನಿ. ಕೇಕು ಕಟ್ಕೊಂಡು. ಅದೇ ಕೇಕು.

ಕೆಜಿಯಾ ದೋಣಿ ಬಾಗಿಲಲ್ಲಿ ನಿಂತು, ವಿನ್ನಿನ ಅಡಿಯಿಂದ ಮುಡಿವರೆಗೆ ನೋಡಿದ್ಲು. "ಏನು ಗೇಟಿನೋಳೇ, ದಾರಿ ತಪ್ಪಿ ಬಂದ್ಯಾ? ನಿಮ್ಮ ರೈಲು ನೀರ ಮೇಲೂ ಓಡುತ್ತಾ ಈಗ?"

"ಅಜ್ಜಿ, ಒಂದು ಮಾತು ಹೇಳ್ಬೇಕಿತ್ತು..."

"ಹೇಳಿ ಹೊರಡು. ಒಲೆ ಮೇಲೆ ಸಾರಿದೆ."

ವಿನ್ನಿಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನೇರ ಹೇಳ್ಬಿಟ್ಲು. "ನಿಮ್ಮ ಮಗು ನಮ್ಮ ಗೇಟಿಗೆ ಬರ್ತಿದೆ."

ಕೆಜಿಯಾ ಬಿಸಿನೀರಿನ ಕೆಟಲ್ ಎತ್ಕೊಂಡ್ಲು. ನಿಜವಾಗ್ಲೂ ಎಸೆಯೋಳಿದ್ದಳು. "ಸತ್ತ ಮಗುನ ಹಿಡ್ಕೊಂಡು ಆಟ ಆಡ್ತೀಯಾ? ನಾಚಿಕೆ ಆಗಲ್ವಾ ನಿನ್ನ ಜನ್ಮಕ್ಕೆ? ತೊಲಗು ಇಲ್ಲಿಂದ!"

"ಕೆಮ್ಮುತ್ತೆ ಅಜ್ಜಿ. ಕೊನೆಯಲ್ಲಿ ಸಿಳ್ಳೆ ಥರ ಬರುತ್ತೆ..."

ಕೆಟಲ್ ಅಲ್ಲೇ ನಿಂತಿತು, ಗಾಳಿಯಲ್ಲಿ.

"ಕೊನೆಗೆ, 'ಹಿಡ್ಕೊಂಡಿದೀನಿ ಅಮ್ಮಾ' ಅಂತ ಕೂಗುತ್ತೆ. ಪ್ರತಿ ಸಲ."

ಅಷ್ಟೇ. ಕೆಜಿಯಾ ಕೂತುಬಿಟ್ಲು. ಮೆಟ್ಟಿಲ ಮೇಲೆ, ಕೆಟಲ್ ಮಡಿಲಲ್ಲಿ ಇಟ್ಕೊಂಡು. ಬಿಸಿ ಸುಡ್ತಿದೆ ಅನ್ನೋ ಪರಿವೆನೂ ಇಲ್ಲ. ವಿನ್ನಿನೇ ಕಿತ್ತು ಪಕ್ಕಕ್ಕೆ ಇಟ್ಲು.

ಆಗ ಮುದುಕಿ ಬಾಯಿ ಬಿಟ್ಲು. ಪಿಸುಮಾತು.

"ನಾನೇ ಹೇಳಿದ್ದು ಕಣೇ. 'ಏನೇ ಆಗ್ಲಿ, ಹಗ್ಗ ಬಿಡಬೇಡ.' ನಮ್ಮಲ್ಲಿ ಮಕ್ಕಳಿಗೆ ನಡೆಯೋಕೆ ಬಂದ ತಕ್ಷಣ ಮೊದಲು ಕಲಿಸೋ ಪಾಠ ಅದು. ಕುದುರೆ ಹೋದ್ರೆ ಅನ್ನ ಹೋಯ್ತು. ನನಗೂ ನಮ್ಮಮ್ಮ ಹಾಗೇ ಹೇಳಿದ್ಲು, ಬಿಟ್ಟಿದ್ದಕ್ಕೆ ಒಂದು ಸಲ ಬೆತ್ತದಲ್ಲಿ ಬಾರಿಸಿದ್ಲು. ಅವತ್ತು ಮಗು ಸಣ್ಣದಾಗಿ ಅಳ್ತಿತ್ತು, 'ಒಬ್ಬಳೇ ಹೋಗಲ್ಲ' ಅಂತ. ನಾನು ಹಗ್ಗನ ಅದರ ಮುಂಗೈಗೆ ಎರಡು ಸುತ್ತು ಸುತ್ತಿ ಕೊಟ್ಟೆ. 'ಬಿಟ್ಟೆ ಅಂದ್ರೆ ನೋಡು' ಅಂದೆ. ಅದೇ... ಅದೇ ಕೊನೆ ಮಾತು."

ವಿನ್ನಿ ಅವಳ ಕೈ ಹಿಡ್ಕೊಂಡ್ಲು.

"ಸುರಂಗದಲ್ಲಿ ಕೇಳಿಸ್ತು ನನಗೆ" ಅಂದ್ಲು ಕೆಜಿಯಾ. "ಗಾಳಿ ಬಾವಿ ಕೆಳಗೆ ಬಂದಾಗ. ಮೇಲೆ ಢಂ ಅಂತು. ಕುದುರೆ ಓಡಿದ್ದು ಕೇಳಿಸ್ತು. ನಾನು ಅಂಗಾತ ಮಲಗಿದೀನಿ, ಕಾಲು ಗೋಡೆ ಮೇಲೆ. ನಿಲ್ಲಿಸೋ ಹಾಗಿಲ್ಲ, ಇಳಿಯೋ ಹಾಗಿಲ್ಲ. ಮಗು ಹೋಗ್ತಿದೆ ಮೇಲೆ... ನಾನು ಕೆಳಗೆ ಗೋಡೆ ತುಳೀತಾ ಇದೀನಿ ಕಣೇ. ಗೋಡೆ ತುಳೀತಾನೇ ಇದೀನಿ."

ಈ ಮಾತು ಹೇಳಿದ ಮೇಲೆ ನಾನು ಒಂದು ಗಳಿಗೆ ನಿಲ್ಲಿಸ್ಲೇಬೇಕು. ತಡಿ... ನೀರು ಕೊಡು.

ವಿನ್ನಿ ಅಂದ್ಲು, "ಅಜ್ಜಿ, ನೀವು ಬಂದು ಒಂದು ಮಾತು ಹೇಳಿದ್ರೆ... ನನ್ನ ಮಾತು ಅದು ಕೇಳಲ್ಲ. ನಿಮ್ಮದು ಕೇಳುತ್ತೆ."

"ಏನಂತ ಹೇಳ್ಲಿ?"

"ನಿಮಗೇ ಗೊತ್ತಲ್ಲ."

ವಿನ್ನಿ ಹೊರಡುವಾಗ ಕೆಜಿಯಾ ಕೇಳಿದ್ಲು, "ಮುಂದಿನ ಮಂಜು ಯಾವಾಗ?"

ತುಂಬ ಕಾಯ್ಬೇಕಾಗ್ಲಿಲ್ಲ. ಆ ವಾರಾನೇ ಬಿತ್ತು, ಚಾಚಿದ ಕೈ ಕಾಣದಷ್ಟು. ವಿನ್ನಿ ಲಾಂದ್ರ ಹಿಡಿದು ಇಳಿದು ಹೋಗಿ ಮುದುಕಿನ ಕರ್ಕೊಂಡು ಬಂದ್ಲು. ಕೆಜಿಯಾ ತನ್ನ ಒಳ್ಳೆ ಶಾಲು ಹೊದ್ದಿದ್ದಳು. ತಲೆ ಬಾಚಿದ್ದಳು. ಗುಡ್ಡ ಹತ್ತುವಾಗ ಒಂದೊಂದು ಹೆಜ್ಜೆಗೂ ಉಸಿರು ಹಿಡೀತಿತ್ತು. ಮೇಲೆ ಬಂದಾಗ ಗಾಳಿ ಬಾವಿ ಇರೋ ದಿಕ್ಕಿಗೆ ಮಾತ್ರ ಮುಖ ತಿರುಗಿಸಲಿಲ್ಲ.

"ಒಳಗೆ ಬನ್ನಿ ಅಜ್ಜಿ, ಬೆಂಕಿ ಇದೆ."

"ರೈಲಿನೋರ ಬೆಂಕಿ ನನಗೆ ಬೇಡ. ಇಲ್ಲೇ ಇರ್ತೀನಿ."

ಗೇಟಿನ ಹತ್ರ ನಿಂತ್ರು ಇಬ್ಬರೂ. ಎಷ್ಟು ಹೊತ್ತೋ. ತಂತಿ ಮೇಲೆ ಮಂಜು ಹನಿಗಟ್ಟಿ ಬೀಳ್ತಿತ್ತು... ಟಿಪ್... ಟಿಪ್...

ಆಮೇಲೆ... ಟಕ್... ಟಕ್... ಟಕ್...

ವಿನ್ನಿ ಮುದುಕಿ ತೋಳು ಹಿಡ್ಕೊಂಡ್ಲು. ಮುದುಕಿ ನಡುಗ್ತಿರ್ಲಿಲ್ಲ. ಕಲ್ಲಾಗಿದ್ದಳು.

ಲಾಳ ಹತ್ರ ಬಂತು. ನಿಂತಿತು. ಗೇಟಿನ ಆಚೆಗೆ, ಮಾರು ದೂರದಲ್ಲಿ. ಕುದುರೆ ಬೆವರಿನ ವಾಸನೆ ಬಂತಂತೆ. ಜೊತೆಗೆ ಹೆಬ್ಬಾತಿನ ಕೊಬ್ಬಿನ ವಾಸನೆ. ಕೆಮ್ಮಿಗೆ ಎದೆಗೆ ಹಚ್ತೀವಲ್ಲ, ಅದು.

ಕೆಮ್ಮು ಬಂತು.

"ನಾನೇ ಹಚ್ಚಿದ್ದೆ ಬೆಳಿಗ್ಗೆ" ಅಂದ್ಲು ಕೆಜಿಯಾ, ಉಸಿರಲ್ಲಿ. "ರೋಡಾ...?"

ಕುದುರೆ ಕಿವಿ ಒದರಿದ ಸದ್ದು. ಆಮೇಲೆ ಪುಟ್ಟ ದನಿ, ಮೆಲ್ಲಗೆ.

"ಹಿಡ್ಕೊಂಡಿದೀನಿ ಅಮ್ಮಾ."

"ಗೊತ್ತು ಮಗಾ. ಗೊತ್ತು... ಚಳಿ ಆಗ್ತಿದೆಯಾ?"

"ಹೂಂ."

"ಕೈ ನೋಯ್ತಿದೆಯಾ?"

"ಹೂಂ. ಬಿಟ್ಟಿಲ್ಲ."

ಮುದುಕಿ ಬಾಯಿ ತೆಗೀತಾಳೆ, ಮುಚ್ತಾಳೆ. ಯಾಕೆ ಗೊತ್ತಾ? ಆ ಒಂದು ಮಾತು ಹೇಳಿದ್ರೆ ಮಗು ಹೋಗ್ಬಿಡುತ್ತೆ. ಅಷ್ಟು ವರ್ಷ ಆದ ಮೇಲೆ ಇವತ್ತು ದನಿ ಸಿಕ್ಕಿದೆ. ಇನ್ನೊಂದು ಗಳಿಗೆ... ಇನ್ನೊಂದೇ ಗಳಿಗೆ ಇರ್ಲಿ ಅಂತ ಯಾವ ತಾಯಿಗೆ ಅನ್ನಿಸಲ್ಲ ಹೇಳು!

"ಅಜ್ಜಿ" ಅಂದ್ಲು ವಿನ್ನಿ. "ರೈಲಿನ ಗಂಟೆ ಆಗಿದೆ. ಬರ್ತಿದೆ."

ಢಂ!

ಕುದುರೆ ಎದ್ದು ನಿಂತಿತು. ಕೆನೀತು. ಕಲ್ಲು ಸಿಡೀತು.

"ಬಿಡು!" ಕೆಜಿಯಾ ಕಿರುಚಿದ್ಲು. "ರೋಡಾ, ಹಗ್ಗ ಬಿಡು!"

"ಡೈಮಂಡ್ ಹೋಗ್ಬಿಡುತ್ತೆ ಅಮ್ಮಾ!"

"ಹೋಗ್ಲಿ! ಕುದುರೆ ಹೋಗ್ಲಿ, ದೋಣಿ ಮುಳುಗಿ ಹೋಗ್ಲಿ, ಹಾಳಾಗಿ ಹೋಗ್ಲಿ ಎಲ್ಲ! ನಾನು ಬೈಯಲ್ಲ. ಯಾರೂ ಬೈಯಲ್ಲ ನಿನ್ನ. ಸುತ್ತು ಬಿಚ್ಚು ಮಗಾ... ಬಿಚ್ಚು... ಬಿಡು ನನ್ನ ಕಂದಾ, ಬಿಡು..."

ಟಪಟಪಟಪ... ಲಾಳ ಗೇಟು ಹಾರ್ತು. ಹಳಿ ಮೇಲೆ ಖಣ್ ಅಂತು. ರೈಲು ಬಂತು, ಧಡಧಡ ಧಡಧಡ, ಹೋಯ್ತು.

ಕೂಗು ಬರಲಿಲ್ಲ.

ಮೊದಲ ಸಲ... ಕೂಗು ಬರಲಿಲ್ಲ.

ವಿನ್ನಿ ಅಳ್ತಾ ನಗ್ತಾ "ಬಿಟ್ಲು ಅಜ್ಜಿ! ಬಿಟ್ಟಳು!" ಅಂದ್ಲು. ತಿರುಗಿ ನೋಡಿದ್ರೆ, ಕೆಜಿಯಾ ಮೊಣಕಾಲೂರಿ ಕೂತಿದ್ದಾಳೆ, ಗೇಟಿನ ಕಂಬದ ಪಕ್ಕ. ಎರಡೂ ಕೈ ಮುಂದೆ ಚಾಚಿದ್ದಾಳೆ, ಓಡಿ ಬರೋ ಮಗುನ ಎತ್ಕೊಳ್ಳೋಕೆ ಚಾಚ್ತೀವಲ್ಲ, ಹಾಗೆ. ಶಾಲು ಜಾರಿ ಕೆಸರಲ್ಲಿ ಬಿದ್ದಿದೆ.

"ಬಾ" ಅಂತಿದ್ಲು. "ಬಾ ಮಗಾ. ಇಲ್ಲೇ ಇದೀನಿ. ಬಾ."

ಏನೂ ಬರಲಿಲ್ಲ.

ಲಾಂದ್ರದ ಎಣ್ಣೆ ಮುಗಿಯೋವರೆಗೂ ಕೂತಿದ್ದಳು ಹಾಗೇ, ಕೈ ಚಾಚಿ. ವಿನ್ನಿ ಮೇಲಿಂದ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತಳು. ರೈಲಿನೋರ ಕಂಬಳಿ ಅಂತ ಅವಳು ಅದನ್ನ ತಳ್ಳಲಿಲ್ಲ.

ಕೊನೆಗೆ ಕೈ ಇಳಿಸಿದ್ಲು. "ಬಂದ್ಲಾ ವಿನ್ನಿ? ನೀನು ನೋಡಿದ್ಯಾ?"

"ಇಲ್ಲ ಅಜ್ಜಿ. ನನಗೆ ಕಾಣಲಿಲ್ಲ."

"ನನ್ನ ಹತ್ರಾನೂ ಬರಲಿಲ್ಲ." ಕೆಸರಿನಿಂದ ಶಾಲು ಎತ್ಕೊಂಡು ಅಂದ್ಲು, "ಬಿಡು ಅಂದೆ. ಬಿಟ್ಟೇಬಿಟ್ಲು. ಹೇಳಿದ ಮಾತು ಯಾವತ್ತೂ ಮೀರಿದೋಳಲ್ಲ ನನ್ನ ಮಗಳು."

ಅವತ್ತು ರಾತ್ರಿ ಮುದುಕಿ ವಿನ್ನಿ ಮನೆ ಒಲೆ ಮುಂದೆನೇ ಮಲಗಿದ್ಲು, ಟೀ ಕುಡಿದ್ಲು. ಬೆಳಿಗ್ಗೆ ಇಳಿದು ಹೋದ್ಲು, ದೋಣಿಗೆ. ಆಮೇಲೆ ಎರಡು ಚಳಿಗಾಲ ಇದ್ದಳೋ ಏನೋ. ಮಂಜು ಬಿದ್ದಾಗೆಲ್ಲ ತಾನೇ ಹತ್ತಿ ಬಂದು ಗೇಟಿನ ಹತ್ರ ನಿಂತು ಕೇಳಿಸ್ಕೊಂಡು ಹೋಗೋಳು.

ಏನು ಕೇಳಿಸ್ಕೊಳ್ಳೋಕಾ? ಅದನ್ನೇ ಹೇಳ್ತಿದೀನಿ, ಬಾಯಿ ಹಾಕ್ಬೇಡ.

ಕೆಮ್ಮು ಹೋಯ್ತು. ಕೂಗು ಹೋಯ್ತು. ಮತ್ತೆ ಯಾವತ್ತೂ ಯಾರಿಗೂ ಕೇಳಿಸಲಿಲ್ಲ. ಆದ್ರೆ ಕುದುರೆ ಬರೋದು ನಿಲ್ಲಲಿಲ್ಲ. ಸಿಡ್ನಿನೂ ಕೇಳಿದ, ನರಿ ಅಂದ ಆ ಮಹಾರಾಯ, ಟೋಪಿ ತೆಗೆದು ನಿಂತುಬಿಟ್ನಂತೆ. ಕೆಜಿಯಾ ಹೋದ್ಲು. ದೋಣಿಗಳು ಹೋದವು. ರೈಲೂ ಹೋಯ್ತು, ಹಳಿ ಕಿತ್ರು, ಗೇಟು ಯಾರೋ ಸೌದೆಗೆ ಒಯ್ದರು. ಹೋದ ಚಳಿಗಾಲದಲ್ಲಿ ನಾನು ಗುಡ್ಡದ ಮೇಲಿಂದ ಬರ್ತಿದ್ದೆ, ಒಬ್ಬಳೇ. ಮಂಜಿತ್ತು.

ನಾನು ಕುಡಿದಿರ್ಲಿಲ್ಲ. ಕಿವಿ ಚೆನ್ನಾಗಿದೆ ನನಗೆ. ಯಾವ ದೇವರ ಮೇಲೆ ಬೇಕಾದ್ರೂ ಆಣೆ ಇಡ್ತೀನಿ.

ಟಕ್... ಟಕ್... ಟಕ್... ನನ್ನ ಪಕ್ಕದಲ್ಲೇ ದಾಟಿ ಹೋಯ್ತು. ಅದರ ಹಿಂದೆ, ಒದ್ದೆ ಹುಲ್ಲಿನ ಮೇಲೆ, ಉದ್ದಕ್ಕೆ... ಸರ್... ಸರ್... ಸರ್... ಹಗ್ಗ ನೆಲದ ಮೇಲೆ ಎಳ್ಕೊಂಡು ಹೋಗ್ತಿತ್ತು.